ಶೇಂಗಾ ವ್ಯಾಪಾರಿಯ ಮಗಳು

ಬಂಕಾಪುರದ ನಮ್ಮ ಮನೆಗೆ ಬರುವವರಿಗೆ ಹೊಸ್ತಿಲು ದಾಟುವ ಮೊದಲೇ ಶೇಂಗಾದ ವಾಸನೆ ಹತ್ತುತ್ತಿತ್ತು. ಅಪ್ಪ ಶೇಂಗಾ ವ್ಯಾಪಾರಿ. ಸುಗ್ಗಿಯ ದಿನಗಳಲ್ಲಿ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿಗಳು ಬಂದು ಬಾಗಿಲಿಗೆ ನಿಂತವೆಂದರೆ ಪಡಸಾಲೆಯಲ್ಲಿ ಚೀಲದ ಮೇಲೆ ಚೀಲ ಏರಿ ತೊಲೆ ಮುಟ್ಟುತ್ತಿತ್ತು. ಆ ಚೀಲಗಳ ಸಂದಿಯಲ್ಲೇ ನಾವು ಮಕ್ಕಳು ಅಡಗಿ ಆಡುತ್ತಿದ್ದೆವು. ಸಿಪ್ಪೆಯ ಸಣ್ಣ ಧೂಳು ದೀಪದ ಗೂಡಿನಲ್ಲಿ, ಹಾಸಿಗೆಯ ಸುರುಳಿಯಲ್ಲಿ, ಅಜ್ಜನ ರುಮಾಲಿನ ಮಡಿಕೆಯಲ್ಲಿ ಕೂತಿರುತ್ತಿತ್ತು. ಅದೇ ಪಡಸಾಲೆಯ ತೊಲೆಗೆ ನನ್ನ ತೊಟ್ಟಿಲನ್ನೂ ಕಟ್ಟಿದ್ದರಂತೆ. ಕೂಸಾಗಿದ್ದಾಗ ನನ್ನ ಕೆನ್ನೆಯಲ್ಲೂ ಮೊಣಕೈ ಮಡಿಕೆಯಲ್ಲೂ ಇಸುಬು ಎದ್ದು ಕೆಂಪಗಿರುತ್ತಿತ್ತಂತೆ. ಆಯಿ ಅದಕ್ಕೆ ಬೆಣ್ಣೆ ಸವರಿ, ಧೂಳು ಹಾರುವ ಆ ಜಾಗದಲ್ಲೇ ತೂಗಿ ಮಲಗಿಸುತ್ತಿದ್ದಳಂತೆ. ಆಯಿ ಎಂದರೆ ಅಪ್ಪನ ತಾಯಿ. ಅವಳ ಮಾತಿಗೆ ಮನೆಯಲ್ಲಿ ಎದುರು ಮಾತಿರಲಿಲ್ಲ. ಅಡುಗೆಮನೆ ಅವ್ವನದು, ಆದರೆ ಒಲೆ ಹೊತ್ತಿಸುವ ಹೊತ್ತು ಗೊತ್ತುಮಾಡುವವಳು ಆಯಿ.

ನನಗೆ ಐದೋ ಆರೋ ವರ್ಷವಿದ್ದಾಗಿನ ಒಂದು ನಾಗರಪಂಚಮಿಯಿಂದ ಈ ಕಥೆ ಶುರುವಾಗುತ್ತದೆ. ಅದಕ್ಕೆ ಮುಂಚೆ ಯಾರಾದರೂ ನನ್ನ ಬಾಯಿಗೆ ಶೇಂಗಾ ಇಟ್ಟರೆ ಉಗುಳಿಬಿಡುತ್ತಿದ್ದೆನಂತೆ. ಶೇಂಗಾ ವ್ಯಾಪಾರಿಯ ಮಗಳು ಶೇಂಗಾ ಒಲ್ಲೆ ಎನ್ನುತ್ತಾಳೆಂದು ಓಣಿಯವರೆಲ್ಲ ನಗುತ್ತಿದ್ದರು. ಆ ಪಂಚಮಿಗೆ ಅವ್ವ ಎಳ್ಳಿನದು, ರವೆಯದು, ಶೇಂಗಾದ್ದು ಎಂದು ಬಗೆಬಗೆಯ ಉಂಡಿ ಕಟ್ಟಿದ್ದಳು. ಜೋಕಾಲಿ ಆಡಿ ಹಸಿದು ಬಂದ ನಾನು ಅಕ್ಕನಿಗಿಂತ ಮೊದಲು ತಿಂದು ಮುಗಿಸಬೇಕೆಂದು ಹಟ ಹಿಡಿದು ಒಂದು ಶೇಂಗಾ ಉಂಡಿಯನ್ನು ಬಾಯಿಗೆ ತುರುಕಿಕೊಂಡೆ. ಮತ್ತೆ ಜೋಕಾಲಿಯ ಹತ್ತಿರ ಹೋಗುವಷ್ಟರಲ್ಲಿ ತುಟಿ ದಪ್ಪಗಾದವು. ಕಣ್ಣಿನ ರೆಪ್ಪೆ ಊದಿ ಕಣ್ಣೇ ಮುಚ್ಚಿಹೋಯಿತು. ಹೊಟ್ಟೆ, ಬೆನ್ನು, ತೊಡೆಯ ಮೇಲೆಲ್ಲ ರೊಟ್ಟಿಯ ಬೊಕ್ಕೆಗಳಂಥ ದದ್ದುಗಳೆದ್ದು ಒಂದಕ್ಕೊಂದು ಕೂಡಿಕೊಂಡವು. ಆಯಿ ನನ್ನನ್ನು ಕರಿಕಂಬಳಿಯಲ್ಲಿ ಸುತ್ತಿ ಗಸಗಸ ತಿಕ್ಕಿದಳು, ಹಣೆಗೆ ವಿಭೂತಿ ಹಚ್ಚಿದಳು. ಸಂಜೆಯ ಹೊತ್ತಿಗೆ ದದ್ದು ಇಳಿದವು. ಆದರೆ ಆಯಿಯ ಸಿಟ್ಟು ಇಳಿಯಲಿಲ್ಲ. ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಆ ಬೆಳಿಗ್ಗೆ ದನ ಕಾಯುವವನಿಗೆ ಬುತ್ತಿ ಇಲ್ಲವೆಂದು ಅವ್ವ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದ್ದಳು.

"ಹಂಚ ಇಟ್ಟಿ. ನಾಗಪ್ಪನ ಹೆಡಿ ಸುಟ್ಟಂಗಾತು. ನೋಡ, ಕೂಸಿನ ಮೈಮ್ಯಾಲೆ ಹೆಂಗ ಹಾವಿನ ಪಟ್ಟಿ ಮೂಡ್ಯಾವು."

"ಅತ್ತಿ, ಹಸದಾಂವಗ ಒಂದ ರೊಟ್ಟಿರಿ..."

"ಹಸದಾಂವ ಒಂದ ಹೊತ್ತು ಅವಲಕ್ಕಿ ತಿಂದಿದ್ರ ಸಾಯ್ತಿದ್ನೇನು?"

ಅಂದಿನಿಂದ ಮನೆಯಲ್ಲಿ ಹಾಲು ಒಡೆದರೂ, ಎಮ್ಮೆ ಒದೆದರೂ ಆಯಿಯ ಬಾಯಲ್ಲಿ ಆ ಹಂಚಿನ ಮಾತೇ ಬರುತ್ತಿತ್ತು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ ಉಣ್ಣಲು ಕೂತಾಗ ಅಪ್ಪ ಪ್ರೀತಿಯಿಂದ ಶೇಂಗಾ ಹೋಳಿಗೆಯ ಒಂದು ತುಂಡು ಮುರಿದು ನನ್ನ ಬಾಯಿಗಿಟ್ಟ. ಮತ್ತೆ ಅದೇ ತುಟಿ, ಅದೇ ದದ್ದು. ಈ ಸಲ ಆಯಿ, ಹೊಲದ ಬದುವಿನಲ್ಲಿ ಹೋದವರ ದೃಷ್ಟಿ ತಾಗಿತು ಎಂದಳು. ಅವ್ವ ಮಾತ್ರ ನನ್ನನ್ನು ಬಾವಿಯ ಹತ್ತಿರ ಕರೆದೊಯ್ದು ಬಾಯಿ ತೊಳೆಸುತ್ತ, ನಾನು ಏನೇನು ತಿಂದೆ ಎಂದು ಕೇಳಿದಳು. ಎರಡು ಸಲ ಕೇಳಿದಳು. ಆಮೇಲೆ ಮನೆಯಲ್ಲಿ ಅವಳು ನನ್ನನ್ನು ನೋಡುವ ನೋಟವೇ ಬದಲಾಯಿತು. ನಾನು ಏನು ಮುಟ್ಟಿದರೂ ಅವಳ ಕಣ್ಣು ಅಲ್ಲಿರುತ್ತಿತ್ತು. ಒಂದು ಮಧ್ಯಾಹ್ನ ಹುರಿದ ಶೇಂಗಾದ ಸಿಪ್ಪೆ ತಿಕ್ಕಿ ಕೇರಲು ನಾನೂ ಕೂತೆ. ಸ್ವಲ್ಪ ಹೊತ್ತಿಗೆ ಅಂಗೈ ತುರಿಸತೊಡಗಿತು. ಬೆರಳ ಸಂದಿಯಲ್ಲಿ ಕೆಂಪು ಗುಳ್ಳೆಗಳೆದ್ದವು. ಅವ್ವ ಮೊರವನ್ನು ಕೆಳಗಿಟ್ಟು ನನ್ನ ಕೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಆಗ ಕಂಡದ್ದು ಗಾಬರಿ ಆಗಿರಲಿಲ್ಲ. ಎಷ್ಟೋ ದಿನದಿಂದ ಹುಡುಕುತ್ತಿದ್ದ ಸೂಜಿ ಸಿಕ್ಕವರಂತೆ ಇದ್ದಳು.

ಮರುದಿನ ಬೆಳಗಿನ ಕೆಲಸ ಮುಗಿದ ಮೇಲೆ ಅವ್ವ ಎಂದೂ ಮಾಡದ ಒಂದು ಕೆಲಸ ಮಾಡಿದಳು. ಆಯಿಯನ್ನು ಅಡುಗೆಮನೆಗೆ ಕರೆದು ಮಣೆ ಹಾಕಿ ಕೂಡಿಸಿದಳು.

"ಅತ್ತಿ, ಸ್ವಲ್ಪ ಇಲ್ಲೆ ಕುಂದರ್ರಿ. ಒಂದ ತೋರಿಸ್ತೇನಿ. ನೋಡಿದ ಮ್ಯಾಲೆ ನೀವ ಏನಂದ್ರೂ ಕೇಳ್ತೇನಿ."

ಎಳ್ಳು, ಗುರೆಳ್ಳು, ಪುಟಾಣಿ ಎಂಬ ಹುರಿಗಡಲೆ, ಶೇಂಗಾ ನಾಲ್ಕನ್ನೂ ಬೇರೆ ಬೇರೆ ಅರೆದು ಇಟ್ಟಿದ್ದಳು. ನನ್ನ ಎರಡೂ ತೋಳುಗಳ ಮೇಲೆ ದೂರ ದೂರಕ್ಕೆ ಒಂದೊಂದು ಬೊಟ್ಟು ಹಚ್ಚಿದಳು. ಆಯಿ, ಇದೇನು ಆಟ ಎಂಬಂತೆ ಗಲ್ಲಕ್ಕೆ ಕೈ ಹಚ್ಚಿ ಕೂತಳು. ಒಲೆಯ ಮೇಲಿನ ಬೇಳೆ ಒಂದು ಕುದಿ ಬರುವಷ್ಟರಲ್ಲಿ ಶೇಂಗಾ ಹಚ್ಚಿದ ಜಾಗ ತುರಿಸತೊಡಗಿತು. ಅವ್ವ ಒದ್ದೆ ಅರಿವೆಯಿಂದ ನಾಲ್ಕನ್ನೂ ಒರೆಸಿದಳು. ಮೂರು ಕಡೆ ಚರ್ಮ ಇದ್ದಂತೆಯೇ ಇತ್ತು. ನಾಲ್ಕನೆಯ ಕಡೆ ಸೊಳ್ಳೆ ಕಚ್ಚಿದಂತೆ ಬಿಳಿ ಗಂಟು, ಅದರ ಸುತ್ತ ಕೆಂಪು ಉಂಗುರ. ಆಯಿ ಅದರ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಬೆರಳು ತೆಗೆದು ಮತ್ತೆ ಒತ್ತಿದಳು. ಇಂದಿನ ಆಸ್ಪತ್ರೆಗಳಲ್ಲಿ ಹೀಗೆಯೇ ತೋಳಿನ ಮೇಲೆ ಹನಿ ಇಟ್ಟು, ಸೂಜಿಯ ಮೊನೆ ತಾಗಿಸಿ ಪರೀಕ್ಷಿಸುತ್ತಾರೆ, ಪಕ್ಕದಲ್ಲಿ ಚುಚ್ಚುಮದ್ದನ್ನೂ ಸಿದ್ಧವಾಗಿಟ್ಟುಕೊಂಡಿರುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಅದು ಎಷ್ಟು ಅಪಾಯದ ಆಟವೆಂದು ಅವ್ವನಿಗೆ ಗೊತ್ತಿದ್ದಿದ್ದರೆ ಅವಳು ಅದಕ್ಕೆ ಕೈಹಾಕುತ್ತಿರಲಿಲ್ಲ.

"ಹಂಚಿನ ತಪ್ಪಲ್ಲ," ಎಂದಳು ಆಯಿ ಕೊನೆಗೆ. ನನ್ನ ತೋಳು ಬಿಟ್ಟು ಅವ್ವನತ್ತ ತಿರುಗಿ, "ಚೆನ್ನವ್ವಾ, ನಿನಗ ಅಂದಿದ್ದ ಮಾತೆಲ್ಲಾ ತಿರುಗಿ ನನಗ ಬಂತ ನೋಡ," ಎಂದಳು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬೇಳೆ ಇಳಿಸಲು ಎದ್ದಳು.

ಅಂದಿನ ಸಂಜೆಯಿಂದಲೇ ಆಯಿಯ ರಾಜ್ಯಭಾರ ಹೊಸದಾಗಿ ಶುರುವಾಯಿತು. ಅಪ್ಪ ಪೇಟೆಯಿಂದ ಬಂದು ಕಾಲು ತೊಳೆಯುತ್ತಿರುವಾಗಲೇ ಅವಳು ಪಡಸಾಲೆಯ ಚೀಲಗಳತ್ತ ಕೈ ತೋರಿಸಿದಳು.

"ಇವನ್ನೆಲ್ಲಾ ಎತ್ತಿಸು."

"ಯಾಕವಾ? ದರ ಏರಾಕತ್ತೈತಿ, ಈಗ ಮಾರಾಕ ಆಗೂದಿಲ್ಲ."

"ಮಾರಬ್ಯಾಡ. ಎಲ್ಲಿ ಬೇಕಾದ್ರ ಇಟ್ಕೋ. ಕೂಸು ಉಸರಾಡೋ ಮನ್ಯಾಗ ಬ್ಯಾಡ."

ಅಪ್ಪ ಅಂಗಳದಲ್ಲಿ ನಿಂತು ಅಜ್ಜನ ಮುಖ ನೋಡಿದ. ಅಜ್ಜ ಆಕಾಶ ನೋಡಿದ. ಕೆಲವೇ ದಿನಗಳಲ್ಲಿ ಸವಣೂರ ದಾರಿಯ ಬದಿಗೆ ಒಂದು ಪಾಳು ಗೋದಾಮು ಗೊತ್ತುಮಾಡಿ ಚೀಲಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ಆಮೇಲೆ ಮೂರು ಹೊತ್ತೂ ನೀರು ಸುರಿದು ಮನೆ ತೊಳೆದರು. ನೆಲ ಸಾರಿಸಿದರು. ಹಾಸಿಗೆ ಹೊರಗೆ ಹಾಕಿ ಬಡಿದರು. ನಮ್ಮ ಪಡಸಾಲೆ ಅಷ್ಟು ದೊಡ್ಡದೆಂದು ನಮಗಾರಿಗೂ ಗೊತ್ತಿರಲಿಲ್ಲ. ಅಕ್ಕ ಈ ಗೋಡೆಯಿಂದ ಆ ಗೋಡೆಗೆ ಓಡಿದಳು, ನಾನು ಅವಳ ಹಿಂದೆ ಓಡಿದೆ, ಅಪ್ಪನೂ ರುಮಾಲು ತೆಗೆದಿಟ್ಟು ನಮ್ಮ ಹಿಂದೆ ಓಡಿದ. ಮರುದಿನ ಅಡುಗೆಮನೆಯಲ್ಲಿ ಗುರೆಳ್ಳು ಚಟ್ನಿಯ ಘಮ. ಮುಂದೆ ಅಗಸಿ ಚಟ್ನಿ, ಎಳ್ಳು ಹೋಳಿಗೆ, ಕೊಬ್ಬರಿ ಹೋಳಿಗೆ, ಪುಟಾಣಿ ಹಿಟ್ಟಿನ ಉಂಡಿ. ಎಣ್ಣೆ ಮೊದಲಿನಿಂದಲೂ ಕುಸುಬಿಯದೇ. ಬದನೆಕಾಯಿಯ ಎಣಗಾಯಿಗೂ ಅವ್ವ ಎಳ್ಳು-ಗುರೆಳ್ಳಿನ ಪುಡಿಯನ್ನೇ ತುಂಬುತ್ತಿದ್ದಳು. ಶೇಂಗಾ ಹೋಯಿತೆಂದು ಮನೆಯಲ್ಲಿ ಯಾರೂ ಬಡವಾಗಲಿಲ್ಲ. ಓಣಿಯ ಹೆಂಗಸರು ಅವ್ವನ ಗುರೆಳ್ಳು ಚಟ್ನಿಗೆ ಬಟ್ಟಲು ಹಿಡಿದು ಬರತೊಡಗಿದರು.

ಬಾಗಿಲಲ್ಲಿ ಆಯಿಯ ಕಾವಲು. ಬಂದವರು ಯಾರೇ ಆಗಲಿ ಕೈ ತೊಳೆದೇ ಒಳಗೆ ಬರಬೇಕು, ಅಂಗಿಯ ಕಿಸೆ ಝಾಡಿಸಬೇಕು. ಹುಲಗೂರಿನಿಂದ ಬರುತ್ತಿದ್ದ ಅಪ್ಪನ ಗೆಳೆಯರೊಬ್ಬರಿದ್ದರು. ಅವರನ್ನು ನಾವು ಸಾಹೇಬರು ಎಂದಷ್ಟೇ ಕರೆಯುತ್ತಿದ್ದೆವು. ಉರುಸಿನಿಂದ ಬರುವಾಗ ನಮಗೆಂದು ಚುರಮುರಿ ತರುವುದು ಅವರ ರೂಢಿ. ಆ ವರ್ಷ ಹೊರಗಿನ ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿ, ಕನ್ನಡಕ ಏರಿಸಿಕೊಂಡು, ಚುರಮುರಿಯೊಳಗಿನ ಶೇಂಗಾ ಕಾಳುಗಳನ್ನು ಆರಿಸಿ ಆರಿಸಿ ಬೀದಿಯ ಕೋಳಿಗಳಿಗೆ ಹಾಕಿದರು. ಎಲ್ಲ ಮುಗಿದ ಮೇಲೆ ಆಯಿಗೆ ಗಂಟು ಚಾಚಿದರು.

"ತಗೋರಿ ಅಮ್ಮಾ, ಒಂದ ಕಾಳ ಉಳಿದಿಲ್ಲ."

"ಕಾಳ ಹೋಗ್ಯಾವ್ರಿ, ಅದರ ಹುಡಿ ಹೋಗಿಲ್ಲ. ಕ್ವಾಪ ಮಾಡ್ಕೋಬ್ಯಾಡ್ರಿ."

ಸಾಹೇಬರು ಕೋಪಿಸಿಕೊಳ್ಳಲಿಲ್ಲ. ಗಂಟನ್ನೇ ಕೋಳಿಗಳ ಮುಂದೆ ಕೊಡವಿ ನಗುತ್ತ ಒಳಗೆ ಬಂದರು. ಮುಂದಿನ ವರ್ಷದಿಂದ ಬರೀ ಖರ್ಜೂರ ತಂದರು.

ಈ ಗದ್ದಲದಲ್ಲಿ ತನಗೂ ಒಂದು ದಾರಿ ತೆರೆಯಿತೆಂದು ಅಜ್ಜನಿಗೆ ಅನ್ನಿಸಿತು. ಅಜ್ಜ ಹರೆಯದಲ್ಲಿ ಗರಡಿಯಾಳು. ಕುಸ್ತಿ ಬಿಟ್ಟು ಕಾಲವಾಗಿದ್ದರೂ ಪೈಲ್ವಾನನಿಗೆ ಹಾಲು ತಪ್ಪಬಾರದೆಂದು ಆಯಿ ಪ್ರತಿ ಸಂಜೆ ಚೆರಗಿಯ ತುಂಬ ಎಮ್ಮೆ ಹಾಲು ಕಾಸಿ ಕೊಡುತ್ತಿದ್ದಳು. ಅದನ್ನು ಕುಡಿದ ಮೇಲೆ ಅಜ್ಜನ ಹೊಟ್ಟೆಯಲ್ಲಿ ಮೋಡ ಗುಡುಗಿದಂಥ ಸಪ್ಪಳ. ಹೊಟ್ಟೆ ಉಬ್ಬಿ, ವಾಯು ತುಂಬಿ, ಕೂರಲಾಗದೆ ನಿಲ್ಲಲಾಗದೆ ಅಂಗಳದಲ್ಲಿ ಅಡ್ಡಾಡುತ್ತಿದ್ದ. ಆಯಿ ಕಾಣದಾಗ ಕರುವಿನ ಬೋಗುಣಿಗೆ ಸುರಿದದ್ದನ್ನು ನಾನೇ ನೋಡಿದ್ದೇನೆ. ಒಂದು ದಿನ ಅವನು ಅಂಗಿಯ ತೋಳೇರಿಸಿ ಅವ್ವನ ಮುಂದೆ ಕೂತ.

"ಚೆನ್ನವ್ವಾ, ನಂದೂ ಒಂದ ಪರೀಕ್ಷಾ ಮಾಡಿಬಿಡು. ಇಲ್ಲೆ ರಟ್ಟಿ ಮ್ಯಾಲೆ ಹಾಲ ಹಚ್ಚು."

ಅವ್ವ ನಗು ತಡೆದುಕೊಂಡು ಹಾಲಿನ ಬೊಟ್ಟು ಹಚ್ಚಿದಳು. ಮನೆಮಂದಿಯೆಲ್ಲ ಸುತ್ತ ಕೂತು ನೋಡಿದೆವು. ಹಾಲು ಒಣಗಿತು, ನೊಣ ಬಂದು ಕೂತಿತು, ಗುಳ್ಳೆ ಮಾತ್ರ ಏಳಲಿಲ್ಲ.

"ಏನೂ ಇಲ್ಲ. ಸಂಜಿಗೆ ಎರಡ ಗುಟುಕು ಹೆಚ್ಚಿಗೇ ಕೊಡ್ತೇನಿ," ಎಂದಳು ಆಯಿ.

ಅಜ್ಜ ತೋಳಿಳಿಸಿಕೊಂಡು ಎದ್ದು ಹೋದ. ನಾವು ಬಿದ್ದು ಬಿದ್ದು ನಕ್ಕೆವು.

ಹೀಗೆ ಎರಡು-ಮೂರು ವರ್ಷ ನಿಶ್ಚಿಂತೆಯಿಂದ ಕಳೆದವು. ಅಷ್ಟರಲ್ಲಿ ಅವ್ವನ ತಂಗಿ ಶಿವಕ್ಕನ ಮದುವೆ ಗೊತ್ತಾಯಿತು. ಅವ್ವನ ತವರು ಹಿರೇಕೆರೂರು. ಚಿಗವ್ವ ಎಂದರೆ ನನಗೆ ಪ್ರಾಣ. ನನಗೆ ಮೊದಲು ಜಡೆ ಹಾಕಿದವಳು, ಮೊದಲು ಅಕ್ಷರ ತಿದ್ದಿಸಿದವಳು ಅವಳೇ. ನಾವೆಲ್ಲ ಚಕ್ಕಡಿ ಕಟ್ಟಿಕೊಂಡು ಹೋದೆವು. ಬೀಗತಿಯಾಗಿ ಗದ್ದುಗೆಯ ಮೇಲೆ ಕೂರಬೇಕಾಗಿದ್ದ ಆಯಿ ಹೋದ ತಕ್ಷಣ ಸೆರಗು ಸಿಕ್ಕಿಸಿ ಅಡುಗೆಯ ಚಪ್ಪರಕ್ಕೆ ನಡೆದಳು. ಅಡುಗೆಯವನನ್ನು ನಿಲ್ಲಿಸಿಕೊಂಡು, ಹೋಳಿಗೆಗೆ ಏನು ಹಾಕುತ್ತಿ, ಉಂಡಿಗೆ ಏನು ಹಾಕುತ್ತಿ ಎಂದು ಕೇಳಿದಳು. ಕಡಲೆಬೇಳೆ, ಬೆಲ್ಲ ಎಂದು ಅವನು ಹೇಳಿದ ಮೇಲೆಯೇ ಹೊರಗೆ ಬಂದಳು. ಸಿಹಿ ಅಡುಗೆಯ ಬಗ್ಗೆ ಕೇಳಿದ ಆಯಿಗೆ ಪಲ್ಯದ ನೆನಪಾಗಲಿಲ್ಲ. ಅಕ್ಕಿಕಾಳು ಬಿದ್ದು, ವಾದ್ಯ ಮೊಳಗಿ, ಮಧ್ಯಾಹ್ನ ಮಕ್ಕಳ ಪಂಕ್ತಿ ಮೊದಲು ಕೂತಿತು. ಎಲೆಯ ತುದಿಗೆ ಬದನೆಕಾಯಿ ಎಣಗಾಯಿ ಬಿತ್ತು. ನನಗೆ ಅದು ನಮ್ಮ ಮನೆಯ ಎಣಗಾಯಿಯೇ. ರೊಟ್ಟಿ ಮುರಿದು ದೊಡ್ಡ ತುತ್ತು ಮಾಡಿ ನುಂಗಿದೆ.

ಆ ಕಡೆಯ ಅಡುಗೆಯಲ್ಲಿ ಬದನೆಕಾಯಿಗೆ ಶೇಂಗಾ ಪುಡಿ ತುಂಬುತ್ತಾರೆ; ಅದು ಗೊತ್ತಿದ್ದ ಅವ್ವ ಆಗ ಒಳಗೆ ಚಿಗವ್ವನ ಹತ್ತಿರ ಇದ್ದಳು. ಈ ಸಲ ದದ್ದುಗಳಿಗಿಂತ ಮೊದಲು ಗಂಟಲು ಬಿಗಿಯಿತು. ಎದ್ದು ನಿಂತೆ. ಅವ್ವಾ ಎಂದು ಕೂಗಲು ಬಾಯಿ ತೆರೆದರೆ ಸೀಟಿ ಊದಿದಂಥ ಸಪ್ಪಳ ಮಾತ್ರ ಬಂತು. ಕಾಲಲ್ಲಿ ಬಲವಿಲ್ಲದೆ ಕುಸಿದೆ. ಅವ್ವ ಓಡಿ ಬಂದದ್ದು, ಎಲೆಯನ್ನೂ ನನ್ನ ಮುಖವನ್ನೂ ನೋಡಿ ಅವಳು ಚೀರಿದ್ದು ನೆನಪಿದೆ. ಯಾರೋ ಚಕ್ಕಡಿ ಹೂಡಿರೆಂದರು. ಎತ್ತು ಹೂಡುವವರೆಗೆ ಅಜ್ಜ ಕಾಯಲಿಲ್ಲ. ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡು, "ದವಾಖಾನಿ ಯಾವ ಕಡೆ ಐತಿ, ತೋರಸು," ಎಂದು ನನ್ನ ಸೋದರಮಾವನಿಗೆ ಹೇಳಿ ಓಡಿದ. ಹರೆಯದವನಾದ ಮಾವ ಮುಂದೆ ಓಡಿ ಹಿಂದೆ ತಿರುಗಿ ನೋಡುವಾಗ ಅಜ್ಜ ಅವನ ಬೆನ್ನಿಗೇ ಇರುತ್ತಿದ್ದನಂತೆ. ಅವನ ಎದೆಯ ಬಡಿತ ನನ್ನ ಕಿವಿಗೆ ಕೇಳುತ್ತಿತ್ತು. ಪೇಟೆಯವರು ಅಂಗಡಿಯಿಂದಿಳಿದು ದಾರಿ ಬಿಟ್ಟರು.

ದವಾಖಾನೆಯ ಡಾಕ್ಟರು ಧಾರವಾಡ ಕಡೆಯವರು, ಸಣ್ಣ ವಯಸ್ಸಿನವರು. ನನ್ನ ತುಟಿ, ಉಸಿರು ನೋಡಿದವರೇ ಹೆಚ್ಚು ಕೇಳದೆ, ದಮ್ಮಿನ ರೋಗಿಗಳಿಗೆಂದು ಇಟ್ಟಿದ್ದ ಔಷಧಿಯ ಚಿಕ್ಕ ಶೀಸೆ ಮುರಿದು ಸೂಜಿಯಲ್ಲಿ ಎಳೆದು ಚುಚ್ಚಿದರು. ಎದೆ ಡವಡವ ಹೊಡೆದುಕೊಂಡಿತು. ಕೈ ನಡುಗಿತು. ಆಮೇಲೆ, ಬಾಗಿಲು ಹಾಕಿದ ಕೋಣೆಯೊಳಗೆ ಕಿಟಕಿ ತೆರೆದಂತೆ, ಗಾಳಿ ಒಳಗೆ ಬಂತು. ನಾನು ದೊಡ್ಡದಾಗಿ ಉಸಿರೆಳೆದು ಅತ್ತೆ. ನನ್ನ ಅಳುವಿನ ಸಪ್ಪಳ ಕೇಳಿ ಅವ್ವ ಗೋಡೆಗೆ ಒರಗಿ ಕೂತುಬಿಟ್ಟಳು.

"ಸಂಜೀತನಕ ಇಲ್ಲೇ ಇರ್ಲಿ," ಎಂದರು ಡಾಕ್ಟರು. "ಒಮ್ಮೊಮ್ಮೆ ಇದು ತಿರುಗಿ ಬರ್ತೈತಿ. ಅಲರ್ಜಿ ಅಂತಾರ್ರಿ ಇದಕ್ಕ. ಮೈಯೊಳಗ ರೋಗದ ಕೂಡ ಬಡದಾಡೂ ಒಂದ ಶಕ್ತಿ ಇರ್ತೈತಿ. ಆ ಶಕ್ತಿ ಈ ಹುಡುಗಿ ಮೈಯಾಗ ಶೇಂಗಾನ್ನೂ ವೈರಿ ಅಂತ ತಿಳದೈತಿ. ಶೇಂಗಾ ಏನೂ ಮಾಡೂದಿಲ್ಲ, ಬಡದಾಟದಾಗ ಮೈಗೇ ಪೆಟ್ಟಾಗ್ತೈತಿ."

ಅಜ್ಜ ಇನ್ನೂ ಏದುತ್ತಿದ್ದ. ಬೆವರು ಒರೆಸಿಕೊಳ್ಳುತ್ತಲೇ ಕೇಳಿದ:

"ಡಾಕ್ಟರ, ಹಂಗಾರ ನಂದೂ ಇದ ಇರಬೇಕ್ರಿ. ಹಾಲ ಕುಡದ್ರ ಹೊಟ್ಟಿ ಗುಡುಗುಡು ಅಂತೈತಿ."

"ಮೈಮ್ಯಾಲೆ ದದ್ದು ಏಳ್ತಾವೇನ್ರಿ? ಉಸರ ಕಟ್ಟತೈತಿ?"

"ಇಲ್ರಿ. ಬರೇ ಹೊಟ್ಟಿ."

"ಮಜ್ಜಿಗಿ ಕುಡದ್ರ?"

"ಮಜ್ಜಿಗಿ ಎಷ್ಟ ಕುಡದ್ರೂ ಏನೂ ಇಲ್ರಿ."

"ನಿಮ್ಮದು ಬ್ಯಾರೆ. ನಿಮ್ಮ ಹೊಟ್ಟಿಗೆ ಹಾಲು ಅರಗೂದಿಲ್ಲ, ಅಷ್ಟ. ಜೀವಕ್ಕೇನೂ ಅಂಜಿಕಿಲ್ಲ. ಹಾಲ ಬಿಡ್ರಿ, ಮಜ್ಜಿಗಿ ಕುಡೀರಿ."

ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಆಯಿ ಆ ಮಾತು ಕೇಳಿದಳು. ಅಜ್ಜ ಅವಳತ್ತ ತಿರುಗಿ, ನಕ್ಕೂ ನಗದಂತೆ, "ಕೇಳಿದೇನು," ಎಂದ. ಅಂಥ ಹೊತ್ತಿನಲ್ಲೂ ಅವ್ವನಿಗೆ ನಗು ಬಂತು.

ಆ ಡಾಕ್ಟರು ಹೇಳಿದ್ದನ್ನು ನಾನು ನಿಜವಾಗಿ ತಿಳಿದುಕೊಂಡದ್ದು ಎಷ್ಟೋ ವರ್ಷಗಳ ಮೇಲೆ, ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುವವಳಾದಾಗ. ನನ್ನ ದೇಹ ಶೇಂಗಾದ ಪ್ರೋಟೀನನ್ನು ಗುರುತಿಟ್ಟುಕೊಂಡು ಅದಕ್ಕೆಂದೇ ಪ್ರತಿಕಾಯಗಳನ್ನು ತಯಾರಿಸಿತ್ತು. ಅವು ಚರ್ಮ, ತುಟಿ, ಗಂಟಲು, ಕರುಳುಗಳಲ್ಲಿರುವ ಒಂದು ಬಗೆಯ ಜೀವಕೋಶಗಳ ಮೈಗೆ ಅಂಟಿಕೊಂಡು ಕಾದಿರುತ್ತವೆ. ಶೇಂಗಾ ಬಂದು ತಾಗಿದರೆ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಗೆ ಚೆಲ್ಲುತ್ತವೆ. ರಕ್ತನಾಳಗಳು ಸಡಿಲಾಗಿ ಒಸರುತ್ತವೆ, ಅದೇ ಊತ. ಉಸಿರಿನ ದಾರಿ ಬಿಗಿಯುತ್ತದೆ, ಅದೇ ಸೀಟಿಯ ಸಪ್ಪಳ. ಡಾಕ್ಟರು ಚುಚ್ಚಿದ ಅಡ್ರಿನಲಿನ್ ಇವೆರಡನ್ನೂ ಹಿಂದಕ್ಕೆ ತಿರುಗಿಸಿತ್ತು. ಅಜ್ಜನ ಹೊಟ್ಟೆಯಲ್ಲಿ ಇಂಥ ಜಗಳವೇ ಇರಲಿಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ದೊಡ್ಡವರಾದ ಮೇಲೆ ಎಷ್ಟೋ ಜನರಲ್ಲಿ ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಸಕ್ಕರೆ ಕರುಳಿನಲ್ಲಿ ಹುಳಿತು ವಾಯುವಾಗುತ್ತದೆ. ಹೆಪ್ಪು ಹಾಕಿದಾಗ ಆ ಸಕ್ಕರೆಯ ಒಂದು ಪಾಲನ್ನು ಹೆಪ್ಪಿನ ಜೀವಾಣುಗಳೇ ತಿಂದಿರುತ್ತವೆ; ಮಜ್ಜಿಗೆ ಒಗ್ಗಿದ್ದು ಅದಕ್ಕೆ. ರೋಗನಿರೋಧಕ ಶಕ್ತಿಗೆ ಸಂಬಂಧವೇ ಇಲ್ಲದ್ದರಿಂದ ಅವನ ರಟ್ಟೆಯ ಮೇಲೆ ಗುಳ್ಳೆಯೂ ಏಳಲಿಲ್ಲ. ಈಗಿನ ವೈದ್ಯರು ಇನ್ನೂ ಒಂದು ಮಾತು ಹೇಳುತ್ತಾರೆ. ಆಹಾರ ಮೊದಲು ಬಾಯಿಯಿಂದ ಹೋದರೆ ದೇಹ ಅದನ್ನು ತನ್ನದೆಂದುಕೊಳ್ಳುವ ಸಾಧ್ಯತೆ ಹೆಚ್ಚು. ಇಸುಬೆದ್ದು ಒಡೆದ ಚರ್ಮದಿಂದ ಮೊದಲು ಒಳಹೊಕ್ಕರೆ ಪರಕೀಯವೆಂದುಕೊಳ್ಳುವ ಸಾಧ್ಯತೆ ಹೆಚ್ಚು ಎಂದು. ಚೀಲಗಳ ನಡುವೆ ತೂಗುತ್ತಿದ್ದ ತೊಟ್ಟಿಲನ್ನು ನೆನೆದು ನಾನು ಅದನ್ನು ನಂಬುತ್ತೇನೆ. ಅಪ್ಪನ ವ್ಯಾಪಾರ ನನ್ನನ್ನು ಸಾಕಿತು, ಅದರ ಧೂಳೇ ನನ್ನ ಮೈಗೆ ಶೇಂಗಾದ ವೈರ ಕಲಿಸಿತು. ಯಾರ ತಪ್ಪೂ ಇಲ್ಲದೆ ಇಂಥದ್ದೂ ಆಗುತ್ತದೆ ಎಂಬುದು ಅವ್ವನ ಹಂಚಿನ ಕಥೆ ಕೇಳಿ ಬೆಳೆದ ನನಗೆ ದೊಡ್ಡ ಸಮಾಧಾನ.

ಹೊತ್ತು ಇಳಿದ ಮೇಲೆ ಡಾಕ್ಟರು ನಮ್ಮನ್ನು ಬಿಟ್ಟರು. ಅಜ್ಜನ ಹೆಗಲ ಮೇಲೆ ಕೂತು ಮದುವೆಮನೆಗೆ ಬಂದೆ. ಚಪ್ಪರದಲ್ಲಿ ವಾದ್ಯದವರು ಸುಮ್ಮನೆ ಕೂತಿದ್ದರು. ಊರ ಮಂದಿ ಉಂಡು ಹೋಗಿದ್ದರು. ಮನೆಯವರ ಪಂಕ್ತಿ ಮಾತ್ರ ಎಲೆ ಹಾಕಿದಂತೆಯೇ ಉಳಿದಿತ್ತು. ಬಾಸಿಂಗ ಕಟ್ಟಿಕೊಂಡ ಚಿಗವ್ವ, ತನ್ನ ನೀಲಾ, ಎಂದರೆ ನಾನು, ಬಂದು ಉಂಡ ಮೇಲೆಯೇ ತಾನು ಉಣ್ಣುವುದೆಂದು ಕೂತುಬಿಟ್ಟಿದ್ದಳು. ಮದುಮಗನೂ ಅವಳ ಪಕ್ಕದಲ್ಲಿ ಹಸಿದುಕೊಂಡೇ ಕೂತಿದ್ದ. ಆ ಕ್ಷಣದಿಂದ ಅವನು ನನಗೆ ಇಷ್ಟವಾದ. ಅಡುಗೆಯವನು ಕೈ ಮುಗಿದುಕೊಂಡು ಆಯಿಯ ಮುಂದೆ ಬಂದ.

"ನನಗ ಗೊತ್ತಿರಲಿಲ್ಲರಿ ಯವ್ವಾ."

"ನಿನ್ನ ತಪ್ಪೇನೈತಿ. ನಾನ ಪಲ್ಯೇದ್ದು ಕೇಳಲಿಲ್ಲ," ಎಂದಳು ಆಯಿ. "ಹೊಸಾ ಬೋಗುಣಿ ತೊಳದ ತಾ. ಇಬ್ಬರೂ ಕೂಡಿ ಹುಗ್ಗಿ ಮಾಡೂಣು."

ದವಾಖಾನೆಯಿಂದ ಮೊದಲೇ ಮರಳಿ ಬಂದು ಅವಳು ಗೋಧಿ ಬೇಯಲು ಇಟ್ಟಾಗಿತ್ತು. ಅಡುಗೆಯವನು ತೊಳೆದ ಬೋಗುಣಿ ತಂದ, ಆಯಿ ಬೆಲ್ಲ ಕರಗಿಸಿದಳು, ಅವನು ತಿರುವಿದ. ಮನೆಮಂದಿಯೆಲ್ಲ ಎಲೆಯ ಮುಂದೆ ಕೂತರು. ಮೊದಲ ಎಲೆ ನನ್ನದು, ಪಕ್ಕದಲ್ಲಿ ಚಿಗವ್ವ. ಆಯಿ ಹುಗ್ಗಿ ಬಡಿಸಿ ಮೇಲೆ ತುಪ್ಪ ಸುರಿದಳು. ಬಿಸಿ ಹುಗ್ಗಿಯ ಹಬೆ ಮುಖಕ್ಕೆ ಬಡಿಯಿತು. ಹಸಿವೆ ಹೊಟ್ಟೆ ಸುಡುತ್ತಿತ್ತು, ಆದರೂ ಕೈ ಎಲೆಗೆ ಹೋಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಲ್ಲಿಯವರೆಗೆ ನನ್ನ ಪರವಾಗಿ ಯಾವಾಗಲೂ ಬೇರೆಯವರೇ ಕೇಳಿದ್ದರು. ಆ ಸಂಜೆ, ತುಂಬಿದ ಪಂಕ್ತಿಯ ಮುಂದೆ, ಆಯಿಯನ್ನೇ ನಾನು ಮೊದಲ ಸಲ ಕೇಳಿದೆ:

"ಆಯಿ, ಇದರಾಗ ಏನೇನ ಹಾಕೀರಿ?"

ಪಂಕ್ತಿಯಲ್ಲಿ ಯಾರೋ ನಕ್ಕರು. ಆಯಿ ನಗಲಿಲ್ಲ. ಬೋಗುಣಿ ಕೆಳಗಿಟ್ಟು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ದೊಡ್ಡವರಿಗೆ ಉತ್ತರ ಕೊಡುವ ಹಾಗೆ ಹೇಳಿದಳು:

"ಗೋಧಿ, ಬೆಲ್ಲ, ಯಾಲಕ್ಕಿ, ತುಪ್ಪ. ಮತ್ತೇನೂ ಇಲ್ಲ. ಇನ್ನ ಮ್ಯಾಲೆ ಹಿಂಗ ಕೇಳ್ಕೋತ ಇರು. ಯಾರ ನಕ್ಕರೂ ಕೇಳು."

ನಾನು ಒಂದು ತುತ್ತು ಬಾಯಿಗಿಟ್ಟು ನುಂಗಿದೆ. ಸಿಹಿ ಸಲೀಸಾಗಿ ಗಂಟಲಲ್ಲಿ ಇಳಿಯಿತು. ಚಿಗವ್ವ ತನ್ನ ಎಲೆಗೆ ಕೈ ಹಾಕಿದಳು, ಮದುಮಗ ಹಾಕಿದ, ಪಂಕ್ತಿಯುದ್ದಕ್ಕೂ ಕೈಗಳು ಇಳಿದವು, ಹೊರಗೆ ವಾದ್ಯದವರು ತಾವಾಗಿಯೇ ಬಾರಿಸತೊಡಗಿದರು. ನಾನು ಎರಡನೆಯ ಸಲ ಹುಗ್ಗಿ ಬೇಕೆಂದೆ.